ಅನುಗಮನ ತರ್ಕವೂ ಸೃಷ್ಟಿಯ ರಚನಾವಾದವೂ
(ಮೇಲಿನ ತರಗತಿಗಳ ವಿದ್ಯಾರ್ಥಿನಿಯರಿಗೆ ಒಂದು ಪಾಠ)

ಅನ್ನವು ಬೆಂದಿತೋ ಇಲ್ಲವೋ ಎಂಬದನ್ನು ತಿಳಿಯಲು ತಾಯಿಯು ಪಾತ್ರೆಯೊಳಗಿನ ಅಗುಳುಗಳನ್ನೆಲ್ಲಾ ಹಿಸುಕಿ ನೋಡುವದಿಲ್ಲ. ಸೌಟಿನಿಂದ ಒಂದೆರಡು ಅಗುಳುಗಳನ್ನು ತೆಗೆದು, ಬೆರಳುಗಳ ನಡುವೆ ಒತ್ತಿ ನೋಡಿ, ಬೆಂದಿದೆಯೆಂದು ನಿಶ್ಚಯಿಸಿ ಪಾತ್ರೆಯನ್ನು ಇಳಿಸುತ್ತಾಳೆ. ಪಾಠಶಾಲೆಯ ಮೆಟ್ಟಲನ್ನು ಎಂದೂ ಹತ್ತದ ಅಜ್ಜಿಯರು ದಿನಂಪ್ರತಿ ಮಾಡುವ ಈ ಕಾರ್ಯವು ತರ್ಕಶಾಸ್ತ್ರದ ಒಂದು ದೊಡ್ಡ ಅಧ್ಯಾಯವೇ ಆಗಿದೆ. ಕಂಡದ್ದರಿಂದ ಕಾಣದ್ದನ್ನೂ, ಕೆಲವುಗಳಿಂದ ಎಲ್ಲವುಗಳನ್ನೂ ಊಹಿಸಿ ತಿಳಿಯುವ ಈ ವಿಧಾನಕ್ಕೆ ಅನುಗಮನ ತರ್ಕವೆಂದು ಹೆಸರು.

ಈ ಸಂಚಿಕೆಗಾಗಿ ಒಂದು ಪಾಠವನ್ನು ಬರೆಯಬೇಕೆಂದು ನಮ್ಮನ್ನು ಕೇಳಿಕೊಂಡಾಗ ನಾವು ಈ ವಿಷಯವನ್ನು ಆರಿಸಿಕೊಳ್ಳಲು ಎರಡು ಕಾರಣಗಳುಂಟು. ಯೋಚಿಸಲು ಕಲಿಸುವದೇ ವಿದ್ಯೆಯ ಮುಖ್ಯ ಪ್ರಯೋಜನವಾಗಿರುವದರಿಂದ ತರ್ಕದ ಪರಿಚಯವು ಪ್ರತಿಯೊಬ್ಬ ಹುಡುಗಿಗೂ ಅವಶ್ಯವೆಂಬದು ಮೊದಲನೆಯದು. ಎರಡನೆಯದು, ನಮ್ಮ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿಯು ಕೇಳಿದ ಒಂದು ಪ್ರಶ್ನೆ. ಅದನ್ನು ಪಾಠದ ನಡುವೆ ತಕ್ಕ ಸ್ಥಳದಲ್ಲಿ ಹೇಳುವೆವು.

೧. ನಿಗಮನವೂ ಅನುಗಮನವೂ

ತ್ರಿಭುಜದ ಮೂರು ಕೋನಗಳು ಸೇರಿ ಎರಡು ಲಂಬಕೋನಗಳಿಗೆ ಸಮವೆಂದು ರೇಖಾಗಣಿತದಲ್ಲಿ ಕಲಿತಿದ್ದೀರಿ. ಮುಂದಿರುವ ಆಕೃತಿಯು ತ್ರಿಭುಜವಾಗಿದ್ದರೆ, ಅದರ ಕೋನಗಳನ್ನು ಅಳೆಯದೆಯೇ ಅವುಗಳ ಮೊತ್ತವನ್ನು ಹೇಳಬಹುದು. ಇದು ನಿಗಮನ. ಇದರಲ್ಲಿ ತೀರ್ಮಾನವು ಮೊದಲಿನ ವಾಕ್ಯಗಳೊಳಗೇ ಅಡಗಿರುತ್ತದೆ. ಆದಕಾರಣ ಆ ವಾಕ್ಯಗಳು ಸತ್ಯವಾದರೆ ತೀರ್ಮಾನವು ಸುಳ್ಳಾಗಲಾರದು. ಅನುಗಮನದಲ್ಲಾದರೋ ತೀರ್ಮಾನವು ನಾವು ನೋಡಿದ್ದಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. ಆದದರಿಂದಲೇ ಅದು ನಮಗೆ ಹೊಸ ಜ್ಞಾನವನ್ನು ಕೊಡುತ್ತದೆ. ಆದದರಿಂದಲೇ ಅದು ಎಂದಿಗೂ ಪೂರ್ಣ ನಿಶ್ಚಯವಾಗದೆ ಸಂಭವನೀಯವಾಗಿಯೇ ಉಳಿಯುತ್ತದೆ. ಲಾಭವೂ ಅಪಾಯವೂ ಒಂದೇ ಬೇರಿನಿಂದ ಹುಟ್ಟಿವೆ.

ಒಂದಗುಳನ್ನು ನೋಡಿ ಮಾಡಿದ ತೀರ್ಮಾನವು ಯಾಕೆ ಸರಿಯಾಗುತ್ತದೆ? ಪಾತ್ರೆಯ ಅಕ್ಕಿಯೆಲ್ಲಾ ಒಂದೇ ಜಾತಿಯದು, ನೀರೂ ಒಂದೇ, ಬೆಂಕಿಯೂ ಒಂದೇ. ಹಳೆಯ ಅಕ್ಕಿಯನ್ನೂ ಹೊಸ ಅಕ್ಕಿಯನ್ನೂ ಬೆರಸಿ ಬೇಯಿಸಿದರೆ ಒಂದಗುಳಿನ ಸಾಕ್ಷಿಯು ಸಾಲದು. ಆದದರಿಂದ ಒಳ್ಳೆಯ ಅನುಗಮನಕ್ಕೆ ಮೂರು ನಿಯಮಗಳನ್ನು ನೆನಪಿಡಿರಿ. ನೋಡಿದ ವಸ್ತುಗಳೂ ನೋಡದ ವಸ್ತುಗಳೂ ಒಂದೇ ವರ್ಗಕ್ಕೆ ಸೇರಿದವುಗಳಾಗಿರಬೇಕು. ನಿದರ್ಶನಗಳನ್ನು ಒಂದೇ ಕಡೆಯಿಂದ ತೆಗೆಯದೆ ಬೇರೆ ಬೇರೆ ಕಡೆಗಳಿಂದ ತೆಗೆಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಅಭಿಪ್ರಾಯಕ್ಕೆ ವಿರೋಧವಾದ ನಿದರ್ಶನಗಳನ್ನು ನಾವೇ ಹುಡುಕಬೇಕು. ಅನುಕೂಲವಾದವುಗಳನ್ನು ಮಾತ್ರ ಎಣಿಸುತ್ತಾ ಹೋಗುವದು ಬಾಲಿಶವಾದ ಕೆಲಸವೆಂದು ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನನು ೧೬೨೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಎಚ್ಚರಿಸಿದನು.

ಹಂಸಗಳೆಲ್ಲಾ ಬಿಳಿಯವೆಂದು ಯೂರೋಪಿನವರು ಬಹುಕಾಲ ನಂಬಿದ್ದರು. ಯಾಕಂದರೆ ಅವರು ಕಂಡ ಹಂಸಗಳೆಲ್ಲಾ ಬಿಳಿಯವಾಗಿದ್ದವು. ೧೬೯೭ರಲ್ಲಿ ಡಚ್ ನಾವಿಕರು ಪಶ್ಚಿಮ ಆಸ್ಟ್ರೇಲಿಯದ ಒಂದು ನದಿಯಲ್ಲಿ ಕಪ್ಪು ಹಂಸಗಳನ್ನು ಕಂಡರು. ಶತಮಾನಗಳ ನಂಬಿಕೆಯು ಒಂದೇ ದಿನದಲ್ಲಿ ಮುರಿದುಬಿದ್ದಿತು.

ಪ್ರಿಯ ವಿದ್ಯಾರ್ಥಿನಿಯರೇ, ಇದು ಪಕ್ಷಿಗಳ ವಿಷಯ ಮಾತ್ರವೆಂದು ಎಣಿಸಬೇಡಿರಿ. "ಹೆಣ್ಣುಮಕ್ಕಳಿಗೆ ವಿಜ್ಞಾನವು ಹತ್ತುವದಿಲ್ಲ" ಎಂಬ ಮಾತೂ ಒಂದು ಅನುಗಮನವೇ. ಪುಸ್ತಕವನ್ನೇ ಕೊಡದವರು, ಪುಸ್ತಕವನ್ನು ಓದಿದ ಹೆಣ್ಣನ್ನು ನಾವು ಕಾಣಲಿಲ್ಲವೆಂದು ಸಾಕ್ಷಿ ಹೇಳಿದ ಅನುಗಮನವದು. ೧೯೩೩ರಲ್ಲಿ ಕಮಲಾ ಭಾಗವತ್ ಎಂಬ ತರುಣಿಗೆ, ಹೆಂಗಸೆಂಬ ಕಾರಣದಿಂದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೊದಲು ಪ್ರವೇಶವು ದೊರೆಯಲಿಲ್ಲ. ಆಕೆಯು ಹಟಹಿಡಿದು, ಪರೀಕ್ಷಾರ್ಥವಾಗಿ ಎಂಬ ಕಟ್ಟಳೆಗೆ ಒಪ್ಪಿ, ಒಳಗೆ ಹೋದಳು. ೧೯೩೯ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿಯನ್ನು ಪಡೆದಳು. ಕಪ್ಪು ಹಂಸವು ಒಂದೇ ಆದರೂ ಸಾಕು.

೨. ಊಹೆಯ ಪರೀಕ್ಷೆ

ಎಣಿಕೆಗಿಂತ ಬಲವಾದ ಮತ್ತೊಂದು ಅನುಗಮನವುಂಟು. ಕಂಡ ಸಂಗತಿಗಳಿಗೆ ಒಂದು ಕಾರಣವನ್ನು ಊಹಿಸಿ, ಆ ಊಹೆಯು ನಿಜವಾದರೆ ಮುಂದೆ ಏನು ಕಾಣಬೇಕೆಂದು ಲೆಕ್ಕಮಾಡಿ, ಅದು ಕಾಣುವದೋ ಇಲ್ಲವೋ ಎಂದು ಕಾದು ನೋಡುವದು. ೧೬೮೨ರಲ್ಲಿ ಕಂಡ ಧೂಮಕೇತುವು ೧೭೫೮ರ ಸುಮಾರಿಗೆ ತಿರಿಗಿ ಬರುವದೆಂದು ಎಡ್ಮಂಡ್ ಹ್ಯಾಲಿಯು ಹೇಳಿ ತೀರಿಹೋದನು; ಅದು ೧೭೫೮ರ ಕ್ರಿಸ್ಮಸ್ ದಿನದ ರಾತ್ರಿ ದೂರದರ್ಶಕದಲ್ಲಿ ಕಾಣಿಸಿಕೊಂಡಿತು. ಯುರೇನಸ್ ಗ್ರಹವು ಲೆಕ್ಕದ ದಾರಿಯನ್ನು ಬಿಟ್ಟು ಸ್ವಲ್ಪ ಸರಿಯುತ್ತಿರುವದನ್ನು ನೋಡಿ, ಅದರಾಚೆಗೆ ಬೇರೊಂದು ಗ್ರಹವಿರಬೇಕೆಂದು ಫ್ರಾನ್ಸಿನ ಲೆವೆರಿಯೆಯು ಊಹಿಸಿದನು. ೧೮೪೬ರಲ್ಲಿ ಬರ್ಲಿನ್ ನಗರದ ವೀಕ್ಷಣಾಲಯದವರು ಅವನು ತೋರಿಸಿದ ದಿಕ್ಕಿನಲ್ಲಿಯೇ ನೆಪ್ಚೂನ್ ಗ್ರಹವನ್ನು ಕಂಡರು.

ಆದರೆ ಅದೇ ಲೆವೆರಿಯೆಯು ಬುಧಗ್ರಹದ ಚಲನೆಯ ವ್ಯತ್ಯಾಸಕ್ಕೂ ಕಾಣದ ಗ್ರಹವೊಂದು ಕಾರಣವೆಂದು ಊಹಿಸಿದಾಗ, ಎಷ್ಟು ಹುಡುಕಿದರೂ ಅದು ಸಿಕ್ಕಲಿಲ್ಲ. ಗ್ರಹವೇ ಇರಲಿಲ್ಲ. ಆ ವ್ಯತ್ಯಾಸವನ್ನು ೧೯೧೫ರಲ್ಲಿ ಐನ್‌ಸ್ಟೈನರ ಗುರುತ್ವಾಕರ್ಷಣೆಯ ಹೊಸ ಸಿದ್ಧಾಂತವು ವಿವರಿಸಿತು. ಒಬ್ಬನೇ ಪಂಡಿತ, ಒಂದೇ ವಿಧದ ತರ್ಕ. ಒಮ್ಮೆ ಜಯ, ಒಮ್ಮೆ ಸೋಲು. ಈಗಿರುವ ವಿವರಣೆಗಿಂತ ಉತ್ತಮವಾದದ್ದು ನಾಳೆ ಬರಬಹುದೆಂಬ ನಮ್ರತೆಯು ಅನುಗಮನಕ್ಕೆ ಯಾವಾಗಲೂ ಇರತಕ್ಕದ್ದು.

೩. ರಚನಾವಾದವೆಂದರೇನು

ಬೆಳಿಗ್ಗೆ ಬಾಗಲನ್ನು ತೆರೆದಾಗ ಅಂಗಳದಲ್ಲಿ ಚುಕ್ಕೆಯಿಟ್ಟು ಎಳೆದ ರಂಗೋಲೆಯು ಕಾಣುತ್ತದೆ. ಎಳೆದವರನ್ನು ನಾವು ನೋಡಲಿಲ್ಲ. ಆದಾಗ್ಯೂ ಗಾಳಿಗೆ ಚೆಲ್ಲಿದ ಹಿಟ್ಟು ತಾನಾಗಿ ಹಾಗೆ ಬಿದ್ದಿತೆಂದು ಯಾರೂ ಹೇಳುವದಿಲ್ಲ. ಒಬ್ಬಳ ಕೈಯೂ ಆ ಕೈಯ ಹಿಂದೆ ಒಂದು ಬುದ್ಧಿಯೂ ಇದ್ದವೆಂದು ತಿಳಿಯುತ್ತೇವೆ. ಇದೇ ರೀತಿಯಾಗಿ, ಲೋಕದಲ್ಲಿ ಕಾಣುವ ಕ್ರಮವನ್ನೂ ಹೊಂದಿಕೆಯನ್ನೂ ನೋಡಿ, ಅದನ್ನು ರಚಿಸಿದ ಜ್ಞಾನಿಯಾದ ಕರ್ತನೊಬ್ಬನಿದ್ದಾನೆಂದು ತೀರ್ಮಾನಿಸುವದಕ್ಕೆ ರಚನಾವಾದವೆನ್ನುತ್ತಾರೆ.

ಈ ವಾದವು ಒಂದು ದೇಶದ್ದಲ್ಲ. ಸುಮಾರು ಸಾವಿರ ವರುಷಗಳ ಹಿಂದೆ ನಮ್ಮ ದೇಶದ ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯೆಂಬ ಗ್ರಂಥದಲ್ಲಿ, ಗಡಿಗೆಯು ಕಾರ್ಯವಾಗಿರುವದರಿಂದ ಅದಕ್ಕೆ ಕುಂಬಾರನಿರುವಂತೆ, ಭೂಮಿ ಮೊದಲಾದವುಗಳೂ ಕಾರ್ಯಗಳಾಗಿರುವದರಿಂದ ಅವುಗಳಿಗೂ ಕರ್ತನೊಬ್ಬನಿರಬೇಕೆಂದು ವಾದಿಸಿದರು. ಹದಿಮೂರನೆಯ ಶತಮಾನದ ಥಾಮಸ್ ಅಕ್ವೈನಸನು, ಬುದ್ಧಿಯಿಲ್ಲದ ಬಾಣವು ಗುರಿಯನ್ನು ಮುಟ್ಟಬೇಕಾದರೆ ಬಿಲ್ಲುಗಾರನು ಬೇಕೆಂದು ಹೇಳಿದನು. ೧೮೦೨ರಲ್ಲಿ ವಿಲಿಯಂ ಪೇಲಿ ಎಂಬ ಇಂಗ್ಲಿಷ್ ಬೋಧಕನು, ಬೈಲಿನಲ್ಲಿ ಬಿದ್ದ ಗಡಿಯಾರದ ದೃಷ್ಟಾಂತವನ್ನು ಕೊಟ್ಟು, ಕಣ್ಣಿನ ರಚನೆಯು ಗಡಿಯಾರದ ರಚನೆಗಿಂತ ಎಷ್ಟೋ ಸೂಕ್ಷ್ಮವೆಂದು ವರ್ಣಿಸಿ ಒಂದು ದೊಡ್ಡ ಗ್ರಂಥವನ್ನು ಬರೆದನು. ಆ ಗ್ರಂಥವನ್ನು ತಾರುಣ್ಯದಲ್ಲಿ ಓದಿ ಬಹಳವಾಗಿ ಮೆಚ್ಚಿದವರಲ್ಲಿ ಚಾರ್ಲ್ಸ್ ಡಾರ್ವಿನನೂ ಒಬ್ಬನು.

೪. ವಾದದ ಪರೀಕ್ಷೆ

ಈಗ ಮೊದಲು ಕಲಿತ ನಿಯಮಗಳನ್ನು ಇದಕ್ಕೆ ಹಚ್ಚಿ ನೋಡೋಣ. ದೇವರ ಪಕ್ಷದ ವಾದವೆಂದು ನಿಯಮವನ್ನು ಸಡಿಲಿಸುವದು ಧರ್ಮವಲ್ಲ.

ಮೊದಲನೆಯ ಆಕ್ಷೇಪಣೆಯು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮನದು. ಇವನ ಸಂವಾದಗ್ರಂಥವು ಇವನು ತೀರಿಹೋದ ಮೇಲೆ, ೧೭೭೯ರಲ್ಲಿ, ಅಂದರೆ ಪೇಲಿಯ ಗ್ರಂಥಕ್ಕಿಂತ ೨೩ ವರುಷ ಮುಂಚಿತವಾಗಿ ಪ್ರಕಟವಾಯಿತು. ರಂಗೋಲೆಯಿಂದ ಎಳೆದವಳನ್ನು ಊಹಿಸುತ್ತೇವೆ. ಯಾಕಂದರೆ ಹೆಂಗಸರು ರಂಗೋಲೆಯನ್ನು ಎಳೆಯುವದನ್ನು ನೂರಾರು ಸಾರಿ ಕಂಡಿದ್ದೇವೆ. ಲೋಕಗಳು ಉಂಟಾಗುವದನ್ನು ಕಂಡವರಾರು? ಇರುವದು ಒಂದೇ ಲೋಕ. ಅದರ ಒಂದು ಮೂಲೆಯಲ್ಲಿ ನಾವಿದ್ದೇವೆ. ಇಲ್ಲಿ ಅಗುಳು ಒಂದೇ. ಅದನ್ನು ತೆಗೆದ ಪಾತ್ರೆಯನ್ನು ನಾವು ನೋಡಲೇ ಇಲ್ಲ. ಈ ಆಕ್ಷೇಪಣೆಯು ಬಹು ಬಲವಾದದ್ದು.

ಎರಡನೆಯದು, ತೀರ್ಮಾನವು ಸಾಕ್ಷಿಗಿಂತ ದೊಡ್ಡದಾಯಿತೆಂಬದು. ಮನೆಯನ್ನು ನೋಡಿ ಕಟ್ಟಿದವನಿದ್ದಾನೆಂದು ಹೇಳಬಹುದು. ಅವನು ಒಬ್ಬನೇ, ಸರ್ವಶಕ್ತನು, ಒಳ್ಳೆಯವನು ಎಂದು ಮನೆಯು ಹೇಳುವದಿಲ್ಲ. ನಮ್ಮ ಮೇಲುಕೋಟೆಯೊಂದಿಗೆ ಹೆಸರು ಬೆಸೆದುಕೊಂಡಿರುವ ರಾಮಾನುಜಾಚಾರ್ಯರು ಶ್ರೀಭಾಷ್ಯದಲ್ಲಿ ಇದನ್ನೇ ತೋರಿಸಿದ್ದಾರೆ: ಅರಮನೆಗಳನ್ನೂ ಗಡಿಗೆಗಳನ್ನೂ ಮಾಡುವವರು ಹಲವರು, ಅವರೆಲ್ಲರೂ ಶರೀರವುಳ್ಳವರು, ಆ ದೃಷ್ಟಾಂತದಿಂದ ಒಬ್ಬನೇ ಪರಮಪುರುಷನು ಸಿದ್ಧಿಸುವದಿಲ್ಲ, ಅವನನ್ನು ಶಾಸ್ತ್ರದಿಂದಲೇ ಅರಿಯಬೇಕು. ಇವರು ದೇವರ ಪರಮಭಕ್ತರು. ಆದಾಗ್ಯೂ ದುರ್ಬಲವಾದ ವಾದವನ್ನು ದುರ್ಬಲವೆಂದು ಹೇಳಲು ಹಿಂಜರಿಯಲಿಲ್ಲ. ಜರ್ಮನಿಯ ಕಾಂಟನೂ ೧೭೮೧ರ ತನ್ನ ಗ್ರಂಥದಲ್ಲಿ, ಈ ವಾದವನ್ನು ಗೌರವದಿಂದ ಕಾಣತಕ್ಕದ್ದೆಂದು ಹೇಳಿ, ಅದು ಹೆಚ್ಚೆಂದರೆ ಇದ್ದ ಸಾಮಗ್ರಿಯನ್ನು ಜೋಡಿಸಿದ ಶಿಲ್ಪಿಯ ವರೆಗೆ ನಮ್ಮನ್ನು ಒಯ್ಯಬಲ್ಲದೇ ಹೊರತು ಸೃಷ್ಟಿಕರ್ತನ ವರೆಗೆ ಒಯ್ಯಲಾರದೆಂದು ತೋರಿಸಿದನು.

ಮೂರನೆಯ ಆಕ್ಷೇಪಣೆಯು ೧೮೫೯ರಲ್ಲಿ ಬಂದಿತು. ಜೀವಿಗಳಲ್ಲಿ ಪ್ರತಿ ತಲೆಮಾರಿನಲ್ಲಿಯೂ ಸಣ್ಣ ಸಣ್ಣ ವ್ಯತ್ಯಾಸಗಳು ಉಂಟಾಗುವವು. ಬದುಕಿಗೆ ಅನುಕೂಲವಾದ ವ್ಯತ್ಯಾಸವುಳ್ಳವು ಹೆಚ್ಚು ಸಂತಾನವನ್ನು ಬಿಡುವವು. ಹೀಗೆ ಅನೇಕ ಸಾವಿರ ತಲೆಮಾರುಗಳಲ್ಲಿ ಬೆಳಕನ್ನು ಮಾತ್ರ ಅರಿಯುವ ಒಂದು ಚುಕ್ಕೆಯು ಕಣ್ಣಾಗಬಹುದೆಂದು ಡಾರ್ವಿನನು ತೋರಿಸಿದನು. ಈ ವಿವರಣೆಗೆ ಸಾಕ್ಷಿಗಳು ಅಂದಿನಿಂದ ಹೆಚ್ಚುತ್ತಲೇ ಬಂದಿವೆ. ಅದಲ್ಲದೆ ನಮ್ಮ ಕಣ್ಣಿನಲ್ಲಿ ನರಗಳು ಅಕ್ಷಿಪಟಲದ ಮುಂದೆ ಹರಡಿ, ಅದನ್ನು ತೂರಿಕೊಂಡು ಹಿಂದಕ್ಕೆ ಹೋಗುವದರಿಂದ ಅಲ್ಲಿ ಒಂದು ಕುರುಡುಚುಕ್ಕೆ ಉಂಟು. ಅಷ್ಟಪದಿಯ ಕಣ್ಣಿನಲ್ಲಿ ನರಗಳು ಹಿಂದುಗಡೆಯೇ ಇರುವದರಿಂದ ಆ ಕೊರತೆಯಿಲ್ಲ. ಗಡಿಯಾರದವನು ಹೀಗೆ ಮಾಡುತ್ತಿದ್ದನೇ? ವಂಶಪರಂಪರೆಯಾಗಿ ಬಂದದ್ದನ್ನೇ ತಿದ್ದುತ್ತಾ ಬಂದ ಕ್ರಮಕ್ಕಾದರೋ ಇದು ಸಹಜವೇ. ಪೇಲಿಯ ಊಹೆಗಿಂತ ಹೆಚ್ಚನ್ನು ವಿವರಿಸುವ ಊಹೆಯು ದೊರೆತ ಮೇಲೆ, ಕಣ್ಣಿನ ರಚನೆಯಿಂದ ನೇರವಾಗಿ ದೇವರಿಗೆ ಹಾರುವ ವಾದವು ಉಳಿಯುವದಿಲ್ಲ. ನಮ್ಮ ವಿಶ್ವಾಸಕ್ಕೆ ಇದು ಅನುಕೂಲವೋ ಪ್ರತಿಕೂಲವೋ ಎಂದು ನೋಡದೆ ಇದನ್ನು ಒಪ್ಪಿಕೊಳ್ಳತಕ್ಕದ್ದು.

೫. ಒಂದು ಪ್ರಶ್ನೆ

ನಾಲ್ಕನೆಯ ಆಕ್ಷೇಪಣೆಯನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರುಷಗಳ ಹಿಂದೆ ಜೀವಶಾಸ್ತ್ರದ ಪಾಠದಲ್ಲಿ ಕಣ್ಣಿನ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು, ಸೃಷ್ಟಿಕರ್ತನ ಕೈಚಳಕವನ್ನು ನೋಡಿರೆಂದು ನಾವು ಹೇಳಿದೆವು. ಅದರ ಮಾರನೆಯ ವಾರ ಮಲೇರಿಯದ ಪಾಠ ಬಂದಿತು. ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯನು ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗಾಣುವನ್ನು ಕಂಡುಹಿಡಿದದ್ದನ್ನೂ, ಅದು ಸೊಳ್ಳೆಯಲ್ಲಿ ಕೆಲವು ರೂಪಗಳನ್ನು ತಾಳಿ, ಮನುಷ್ಯನ ಯಕೃತ್ತಿನಲ್ಲಿ ಅಡಗಿ ಬೆಳೆದು, ಬಳಿಕ ರಕ್ತಕಣಗಳನ್ನು ಒಡೆದು ಹೊರಗೆ ಬರುವ ಬಗೆಯನ್ನೂ ವಿವರಿಸಿದೆವು. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿಯು ಎದ್ದು ನಿಂತು, "ಟೀಚರ್, ಇದರ ರಚನೆಯೂ ಕಣ್ಣಿನಷ್ಟೇ ಚೆನ್ನಾಗಿದೆಯಲ್ಲಾ, ಇದು ಯಾರ ಕೈಚಳಕ?" ಎಂದು ಕೇಳಿದಳು. ಅವಳ ತಮ್ಮನು ಆ ವರುಷದ ಮಳೆಗಾಲದಲ್ಲಿ ಅದೇ ಜ್ವರದಿಂದ ತೀರಿಕೊಂಡಿದ್ದನು. ಅದು ನಮಗೆ ತಿಳಿದಿತ್ತು.

ನಾವು ಏನು ಮಾಡಿದೆವು? "ಅಂಥಾ ಮಾತು ಆಡಬಾರದು, ಕೂತುಕೋ" ಎಂದೆವು. ಅವಳು ಕೂತುಕೊಂಡಳು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಅವಳು ತರ್ಕದ ನಿಯಮವನ್ನು ನಮಗಿಂತ ಚೆನ್ನಾಗಿ ಪಾಲಿಸಿದ್ದಳು. ನಾವು ಅನುಕೂಲವಾದ ನಿದರ್ಶನಗಳನ್ನು ಮಾತ್ರ ಎಣಿಸಿದ್ದೆವು; ಅವಳು ವಿರೋಧವಾದ ನಿದರ್ಶನವನ್ನು ತಂದು ಮುಂದಿಟ್ಟಿದ್ದಳು. ಡಾರ್ವಿನನೂ ೧೮೫೧ರಲ್ಲಿ ಹತ್ತು ವರುಷದ ಮಗಳನ್ನು ಕಳಕೊಂಡವನು. ಜೀವಂತ ಕಂಬಳಿಹುಳುವಿನ ಮೈಯೊಳಗೆ ಮೊಟ್ಟೆಯಿಡುವ ಕಣಜಗಳನ್ನು ಒಳ್ಳೆಯ ದೇವರು ಬೇಕೆಂದು ಸೃಷ್ಟಿಸಿದನೆಂದು ತಾನು ನಂಬಲಾರೆನೆಂದು ಅವನು ೧೮೬೦ರಲ್ಲಿ ಏಸಾ ಗ್ರೇ ಎಂಬ ತನ್ನ ಸ್ನೇಹಿತನಿಗೆ ಬರೆದನು. ಆ ಏಸಾ ಗ್ರೇಯು ದೇವಭಕ್ತನಾದ ಸಸ್ಯಶಾಸ್ತ್ರಜ್ಞನು, ಡಾರ್ವಿನನ ಸಿದ್ಧಾಂತವನ್ನು ಒಪ್ಪಿಕೊಂಡವನು. ಒಬ್ಬನ ಪ್ರಶ್ನೆಯು ಇನ್ನೊಬ್ಬನ ಸ್ನೇಹವನ್ನು ಮುರಿಯಲಿಲ್ಲ.

ಸತ್ಯವೇದದಲ್ಲಿ ಯೋಬನ ಗ್ರಂಥವನ್ನು ನೀವು ಓದಿದ್ದೀರಿ. ಮಕ್ಕಳನ್ನು ಕಳಕೊಂಡು ಬೂದಿಯಲ್ಲಿ ಕೂತ ಯೋಬನಿಗೆ ಅವನ ಮೂವರು ಸ್ನೇಹಿತರು ದೇವರ ಪಕ್ಷವನ್ನು ವಹಿಸಿ ಬಹಳ ವಾದಗಳನ್ನು ಹೇಳಿದರು. ಕಡೆಯಲ್ಲಿ ಕರ್ತನು ಕೋಪಗೊಂಡದ್ದು ಆ ಸ್ನೇಹಿತರ ಮೇಲೆ. ಪ್ರಶ್ನೆಗಳನ್ನು ಕೇಳಿದ ಯೋಬನೇ ಯುಕ್ತವಾಗಿ ಮಾತಾಡಿದನೆಂದು ಆತನು ಹೇಳಿದನು. ಅಂದು ನಮ್ಮ ತರಗತಿಯಲ್ಲಿ ಆ ಸ್ನೇಹಿತರ ಜಾಗದಲ್ಲಿ ನಿಂತಿದ್ದವರು ನಾವೇ. ಮರುದಿನ ತರಗತಿಯ ಎಲ್ಲರ ಮುಂದೆ, "ಮಗಳೇ, ನಿನ್ನ ಪ್ರಶ್ನೆಯು ಸರಿಯಾದದ್ದು, ನಮ್ಮ ಉತ್ತರವು ತಪ್ಪು" ಎಂದು ಹೇಳಿದೆವು.

೬. ಉಳಿಯುವದೇನು

ಹಾಗಾದರೆ ರಚನಾವಾದದಲ್ಲಿ ಏನೂ ಉಳಿಯುವದಿಲ್ಲವೋ? ಜಾನ್ ಸ್ಟುವರ್ಟ್ ಮಿಲ್ಲನು ಸಭೆಯ ನಂಬಿಕೆಗಳಿಗೆ ಸೇರಿದವನಲ್ಲ. ೧೮೭೪ರಲ್ಲಿ, ಅವನು ತೀರಿಹೋದ ಮೇಲೆ, ಪ್ರಕಟವಾದ ಪ್ರಬಂಧದಲ್ಲಿ ಅವನು ಈ ವಾದವನ್ನು ಅನುಗಮನದ ತಕ್ಕಡಿಯಲ್ಲಿಯೇ ತೂಗಿ, ಇದು ಸಿದ್ಧಾಂತವಲ್ಲವಾದರೂ ಇದಕ್ಕೆ ಸ್ವಲ್ಪ ತೂಕವುಂಟೆಂದನು. ಆದರೆ ಲೋಕದ ಸಂಕಟವನ್ನು ನೋಡಿದರೆ ಆ ಕರ್ತನು ಸರ್ವಶಕ್ತನೆಂದು ಹೇಳಲಾಗದೆಂದೂ ಅಂದನು.

ನಮ್ಮ ಕಾಲದಲ್ಲಿ ಈ ವಾದವು ಕಣ್ಣು ರೆಕ್ಕೆಗಳನ್ನು ಬಿಟ್ಟು ಪ್ರಕೃತಿಯ ನಿಯಮಗಳ ಕಡೆಗೆ ತಿರುಗಿದೆ. ಡಾರ್ವಿನನ ವಿವರಣೆಯು ನಿಯಮಬದ್ಧವಾದ ಲೋಕವೊಂದಿದೆಯೆಂದು ಮೊದಲೇ ಒಪ್ಪಿಕೊಂಡು ಹೊರಡುತ್ತದೆ; ಆ ನಿಯಮಗಳು ಯಾಕಿವೆ ಎಂಬದನ್ನು ಅದು ಹೇಳುವದಿಲ್ಲ. ನಮ್ಮ ಶರೀರಕ್ಕೆ ಆಧಾರವಾದ ಇಂಗಾಲವು ನಕ್ಷತ್ರಗಳ ಗರ್ಭದಲ್ಲಿ ಮೂರು ಹೀಲಿಯಂ ಬೀಜಗಳು ಕೂಡಿ ಉಂಟಾದದ್ದು. ಅದು ಸಾಕಷ್ಟು ಉಂಟಾಗಬೇಕಾದರೆ ಇಂಗಾಲದ ಬೀಜಕ್ಕೆ ಒಂದು ನಿರ್ದಿಷ್ಟ ಶಕ್ತಿಮಟ್ಟವಿರಬೇಕೆಂದು ಫ್ರೆಡ್ ಹಾಯ್ಲ್ ೧೯೫೩ರಲ್ಲಿ ಮುಂದಾಗಿ ಹೇಳಿದನು. ಅಮೇರಿಕದ ಪ್ರಯೋಗಶಾಲೆಯಲ್ಲಿ ಹುಡುಕಿದಾಗ ಅದು ಸಿಕ್ಕಿತು. ಇಂಥಾ ಹೊಂದಿಕೆಗಳಲ್ಲಿ ಕೆಲವರು ಒಂದು ಸಂಕಲ್ಪವನ್ನು ಕಾಣುತ್ತಾರೆ. ನಮ್ಮದಲ್ಲದೆ ಬೇರೆ ಅಸಂಖ್ಯಾತ ವಿಶ್ವಗಳಿರಬಹುದು, ಅವುಗಳಲ್ಲಿ ಒಂದರಲ್ಲಿ ಈ ಹೊಂದಿಕೆಯು ಒದಗಿರಬಹುದೆಂದು ಬೇರೆ ಕೆಲವರು ಹೇಳುತ್ತಾರೆ. ಹ್ಯೂಮನ ಒಂದಗುಳಿನ ಆಕ್ಷೇಪಣೆಯು ಇಬ್ಬರಿಗೂ ತಗಲುತ್ತದೆ. ಆಕ್ಸ್‌ಫರ್ಡಿನ ರಿಚರ್ಡ್ ಸ್ವಿನ್‌ಬರ್ನರು ೧೯೭೯ರ ತಮ್ಮ ಗ್ರಂಥದಲ್ಲಿ, ಯಾವ ಒಂದು ವಾದವೂ ತಾನೊಂದೇ ಸಾಲದಾದರೂ, ಎಲ್ಲವೂ ಕೂಡಿ ದೇವರಿದ್ದಾನೆಂಬದನ್ನು ಹೆಚ್ಚು ಸಂಭವನೀಯ ಮಾಡುತ್ತವೆಂದು ವಾದಿಸಿದ್ದಾರೆ. ಒಪ್ಪದವರೂ ಅನೇಕರಿದ್ದಾರೆ. ತಕ್ಕಡಿಯು ಇನ್ನೂ ತೂಗಾಡುತ್ತಿದೆ.

ಆದಕಾರಣ ರಚನಾವಾದವು ನಂಬಿಕೆಯ ಅಸ್ತಿವಾರವಾಗಲಾರದೆಂಬದು ನಮ್ಮ ಅಭಿಪ್ರಾಯ. ನಂಬಿದವನಿಗೆ ಅದೊಂದು ಕಿಟಕಿಯಾಗಬಹುದು. ಆಕಾಶವು ದೇವರ ಮಹಿಮೆಯನ್ನು ಸಾರುತ್ತದೆಂದು ಹಾಡಿದ ಕೀರ್ತನೆಗಾರನು ತರ್ಕದ ಪಾಠವನ್ನು ಹೇಳುತ್ತಿರಲಿಲ್ಲ. ಮೊದಲೇ ಅರಿತವನನ್ನು ಕೊಂಡಾಡುತ್ತಿದ್ದನು. ನಮ್ಮ ಮಟ್ಟಿಗೆ ಹೇಳುವದಾದರೆ, ನಾವು ದೇವರನ್ನು ನಂಬಲು ಕಲಿತದ್ದು ಕಣ್ಣಿನ ಚಿತ್ರದಿಂದಲ್ಲ. ಹಾಸ್ಟೆಲಿನಲ್ಲಿ ಜ್ವರದಿಂದ ಮಲಗಿದ್ದಾಗ ಹಣೆಗೆ ತಣ್ಣೀರು ಬಟ್ಟೆಯನ್ನು ಹಾಕುತ್ತಾ ಇರುಳೆಲ್ಲಾ ಕೂತಿದ್ದ ಒಬ್ಬ ವಾರ್ಡನ್ ಅಮ್ಮನಿಂದ ಅದನ್ನು ಕಲಿತೆವು. ಇದು ನಿಮಗೆ ಪ್ರಮಾಣವಲ್ಲ. ನಮ್ಮ ಕಥೆ ಮಾತ್ರ.

ಆ ಹುಡುಗಿಯು ನಮ್ಮ ಉತ್ತರದಿಂದ ಸಮಾಧಾನಗೊಂಡಳೆಂದು ನಾವು ಹೇಳಲಾರೆವು. ಆದರೆ ಅಂದಿನಿಂದ ಅವಳು ಮುಂದಿನ ಸಾಲಿನಲ್ಲಿ ಕೂತುಕೊಳ್ಳುತ್ತಿದ್ದಳು, ಪ್ರಶ್ನೆಗಳನ್ನು ಕೇಳುತ್ತಲೂ ಇದ್ದಳು. ನೀವೂ ಹಾಗೆಯೇ ಕೇಳಿರಿ. ಸತ್ಯವು ದೇವರದಾದರೆ ಪ್ರಶ್ನೆಗೆ ಆತನು ಅಂಜುವವನಲ್ಲ.

ಅಭ್ಯಾಸ

(೧) ನಿಗಮನಕ್ಕೂ ಅನುಗಮನಕ್ಕೂ ಇರುವ ಭೇದವನ್ನು ನಿಮ್ಮ ಮನೆಯ ಕೆಲಸಗಳಿಂದ ಎರಡೆರಡು ಉದಾಹರಣೆಗಳನ್ನು ಕೊಟ್ಟು ವಿವರಿಸಿರಿ.

(೨) ನಿಮ್ಮ ಊರಿನಲ್ಲಿ ಹೆಣ್ಣುಮಕ್ಕಳ ವಿಷಯವಾಗಿ ಹೇಳುವ ಒಂದು ಸಾಮಾನ್ಯ ಮಾತನ್ನು ಬರೆಯಿರಿ. ಅದು ಮೂರು ನಿಯಮಗಳಲ್ಲಿ ಯಾವದನ್ನು ಮೀರಿದೆ?

(೩) ಒಂದು ಕಾಗದದ ಮೇಲೆ ನಾಲ್ಕು ಅಂಗುಲ ಅಂತರದಲ್ಲಿ ಎಡಕ್ಕೆ ಒಂದು ಗುಣಾಕಾರದ ಗುರುತನ್ನೂ ಬಲಕ್ಕೆ ಒಂದು ಚುಕ್ಕೆಯನ್ನೂ ಬರೆಯಿರಿ. ಎಡಗಣ್ಣನ್ನು ಮುಚ್ಚಿ, ಬಲಗಣ್ಣಿನಿಂದ ಗುರುತನ್ನೇ ನೋಡುತ್ತಾ, ಕಾಗದವನ್ನು ನಿಧಾನವಾಗಿ ಹತ್ತಿರಕ್ಕೆ ತನ್ನಿರಿ. ಚುಕ್ಕೆಯು ಒಂದು ಕಡೆ ಮಾಯವಾಗುವದು ಯಾಕೆ? ಇದರಿಂದ ಪೇಲಿಯ ವಾದಕ್ಕೆ ಏನಾಗುತ್ತದೆ?

(೪) ಹಿಂದಿನ ಸಾಲಿನ ಹುಡುಗಿಯ ಪ್ರಶ್ನೆಗೆ ನೀವಾಗಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ? ಟೀಚರಿಗೆ ಮೆಚ್ಚಿಗೆಯಾಗುವದನ್ನು ಬರೆಯದೆ, ನಿಮಗೆ ನಿಜವಾಗಿ ತೋರಿದ್ದನ್ನು ಬರೆಯಿರಿ.